ದಣಿದ ರಾತ್ರಿ ಕೀಲಿಕೈ ಕೊಡಬೇಡಿ

ಊರಿಗೆ ವಾಪಸ್ ಬಂದು ಮನೆಯಿಂದಲೇ ಕೆಲಸ ಮಾಡುವ ಸಾಫ್ಟ್‌ವೇರ್ ಮಂದಿ ಕಲಬುರಗಿಯಲ್ಲಿ ಆಪ್ತಸಮಾಲೋಚಕಿಯಾದ ನನ್ನ ಹತ್ತಿರ ಬರುವುದು ಜಾಸ್ತಿಯಾಗಿದೆ. ದೂರು ಹೆಚ್ಚುಕಡಿಮೆ ಒಂದೇ. ನಿದ್ದೆ ಇಲ್ಲ, ಸಿಟ್ಟು ಬರುತ್ತದೆ, ಮನೆಯವರಿಗೆ ಅರ್ಥವಾಗುವುದಿಲ್ಲ. ಅದಕ್ಕೇ ಅವರಲ್ಲೊಬ್ಬರ ವಿಷಯ ಬರೆಯುತ್ತಿದ್ದೇನೆ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ, ಅವರ ಒಪ್ಪಿಗೆಯೂ ಇದೆ.

ಇವರು ಎಐ ಸಂಶೋಧಕರು. ಹಗಲು ಕಂಪನಿಯ ಕೆಲಸ. ರಾತ್ರಿ ಒಂದು ಓಪನ್ ಸೋರ್ಸ್ ಟೂಲ್ ನೋಡಿಕೊಳ್ಳುತ್ತಾರೆ. ಕೋಡ್ ಬರೆಯುವವರಿಗೆ ಬೇಕಾಗುವ ಸಾಧನ ಅದು. ಅದರ ಕೋಡ್ ಎಲ್ಲರಿಗೂ ತೆರೆದಿರುತ್ತದೆ, ಯಾರು ಬೇಕಾದರೂ ಪುಕ್ಕಟೆ ಬಳಸಬಹುದು. ಅಮೆರಿಕದವರು ಎದ್ದಾಗ ಇಲ್ಲಿ ರಾತ್ರಿ. ಆಗಲೇ ದೂರು, ತಕರಾರು, 'ಯಾವಾಗ ಸರಿ ಮಾಡ್ತೀರಿ' ಎಂಬ ಒತ್ತಾಯ.

ಪತ್ನಿಯೇ ಕರೆದುಕೊಂಡು ಬಂದಿದ್ದರು. "ಬಿಟ್ಟುಬಿಡು ಅಂತ ಹೇಳ್ರಿ ಮೇಡಂ, ಒಂದ್ ಪೈಸಾ ಬರಲ್ಲ ಇದ್ರಾಗ" ಅಂದರು. ಊಟ, ನಿದ್ದೆ, ಸಾಯುವ ಯೋಚನೆ, ಎಲ್ಲ ಕೇಳಿದೆ. ಖಿನ್ನತೆಯ ಲಕ್ಷಣ ಕಂಡಿದ್ದರೆ ಮನೋವೈದ್ಯರ ಹತ್ತಿರ ಕಳಿಸುತ್ತಿದ್ದೆ. ಕಂಡದ್ದು ಬರೀ ದಣಿವು, ಆದರೆ ಬಹಳ ದಿನದ್ದು.

ಮುಂದಿನ ಭೇಟಿಗೆ ಅವರು ತೀರ್ಮಾನ ಮಾಡಿಕೊಂಡೇ ಬಂದರು. ಮುಖ ನೋಡಿರದ ಒಬ್ಬರು ಟೂಲ್ ವಹಿಸಿಕೊಳ್ಳಲು ಸಿದ್ಧರಿದ್ದಾರೆ, ಅವತ್ತು ರಾತ್ರಿಯೇ ಅದರ ಕೋಡ್ ಬದಲಿಸುವ ಪೂರ್ತಿ ಅಧಿಕಾರ ಕೊಟ್ಟುಬಿಡುವುದು ಅಂತ. ಹಾಗೆ ಕೊಟ್ಟರೆ ಏನಾಗಬಹುದು ಎಂದು ಕೇಳಿದೆ. ಆಗ ಅವರೇ ಎಕ್ಸ್‌ಝಡ್ ವಿಷಯ ಹೇಳಿದರು.

ಎಕ್ಸ್‌ಝಡ್ ಎಂದರೆ ಫೈಲ್ ಕುಗ್ಗಿಸುವ ಟೂಲ್, ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂನಲ್ಲಿ ಎಲ್ಲೆಡೆ ಬಳಕೆಯಲ್ಲಿದೆ. ಅದನ್ನು ನೋಡಿಕೊಳ್ಳುತ್ತಿದ್ದವರು 2022ರಲ್ಲಿ ತಮಗೆ ಮಾನಸಿಕ ತೊಂದರೆ ಇದೆ, ಇದು ಸಂಬಳವಿಲ್ಲದ ಹವ್ಯಾಸ ಎಂದು ಬಹಿರಂಗವಾಗಿಯೇ ಬರೆದಿದ್ದರು. ಆದರೂ ಬೇರೆಯವರಿಗೆ ಬಿಟ್ಟುಕೊಡಿ ಎಂಬ ಒತ್ತಾಯ ನಿಲ್ಲಲಿಲ್ಲ. 'ಜಿಯಾ ಟಾನ್' ಎಂಬ ಹೆಸರಿನಲ್ಲಿ ಸಹಾಯಕ್ಕೆ ಬಂದವರ ಕೈಗೆ ಅಧಿಕಾರ ಹೋಯಿತು. 2024ರ ಮಾರ್ಚ್‌ನಲ್ಲಿ ನೋಡಿದರೆ ಒಳಗೆ ಕಳ್ಳಬಾಗಿಲು, ಅಂದರೆ ಹೊರಗಿನವರು ಗುಟ್ಟಾಗಿ ಕಂಪ್ಯೂಟರಿಗೆ ನುಗ್ಗುವ ದಾರಿ! ಆಂಡ್ರೆಸ್ ಫ್ರೋಯಿಂಡ್ ಎಂಬ ಎಂಜಿನಿಯರ್, ಲಾಗಿನ್ ಸ್ವಲ್ಪ ನಿಧಾನವಾಯಿತಲ್ಲ ಎಂದು ಬೆನ್ನು ಹತ್ತಿ ಅದನ್ನು ಪತ್ತೆ ಮಾಡಿದರು.

"ಆ ದಣಿದ ಮನುಷ್ಯ ನಿಮ್ಮ ಮುಂದೆ ಕೂತಿದ್ದರೆ ಏನು ಹೇಳ್ತಿದ್ರಿ?" ಎಂದೆ.

ಬಹಳ ಹೊತ್ತು ಸುಮ್ಮನಿದ್ದರು. "ಮೊದ್ಲು ಮಲ್ಕೋರಿ ಅಂತಿದ್ದೆ. ಕೊಡೋದು ಬಿಡೋದು ಆಮ್ಯಾಲೆ ನೋಡೋಣು."

ನನ್ನ ಸಲಹೆಯೂ ಅದೇ ಆಯಿತು. ಬಿಡುವುದೂ ಬೇಡ, ಕೊಡುವುದೂ ಬೇಡ, ಸದ್ಯಕ್ಕೆ ನಿಲ್ಲಿಸಿ. ಇಂಥ ತಾರೀಖಿನವರೆಗೆ ಉತ್ತರ ಇಲ್ಲ ಎಂದು ಟೂಲಿನ ಮೊದಲ ಪುಟದಲ್ಲೇ ಬರೆಯಿರಿ. ಅಷ್ಟು ದಿನ ರಾತ್ರಿ ಲ್ಯಾಪ್‌ಟಾಪ್ ಮುಚ್ಚಿಡಿ. ಜನ ಬೈತಾರೆ ಎಂಬ ಹೆದರಿಕೆ ಅವರಿಗಿತ್ತು. ಅವರ ಟೂಲಿಗೆ ಇರುವುದು ಎಂಐಟಿ ಲೈಸೆನ್ಸ್, ಅಂದರೆ ಬಳಸುವವರಿಗೆ ಕೊಡುವ ಒಂದು ಪರವಾನಗಿ ಪತ್ರ. ಇದ್ದದ್ದು ಇದ್ದ ಹಾಗೆ ಕೊಡುತ್ತಿದ್ದೇವೆ, ಯಾವ ಖಾತರಿಯೂ ಇಲ್ಲ ಎಂದು ಅದರಲ್ಲೇ ಇದೆ. ಅದನ್ನು ಗಟ್ಟಿಯಾಗಿ ಓದಿಸಿದೆ.

ಪತ್ನಿಗೆ ನನ್ನ ಮೇಲೆ ಬೇಸರವಾಯಿತು. ಬಿಡು ಅಂತ ಒಂದು ಮಾತು ಹೇಳಲಿಲ್ಲವಲ್ಲ ಎಂದು. ಆದರೆ ಆ ಕೆಲಸದಲ್ಲಿ ಅವರಿಗೆ ಮರ್ಯಾದೆ ಇದೆ, ಗೆಳೆಯರಿದ್ದಾರೆ, ಅದನ್ನು ಕಿತ್ತುಕೊಳ್ಳುವ ಹಕ್ಕು ನನಗಿಲ್ಲ. ದಣಿದಾಗ ಮಾಡಿದ ತೀರ್ಮಾನವನ್ನು ನಾನು ನಂಬುವುದಿಲ್ಲ, ಅದು ಬಿಡುವ ತೀರ್ಮಾನವಾದರೂ ಅಷ್ಟೇ. ರಾಜೀನಾಮೆ ಕೊಡ್ತೀನಿ, ಮದುವೆ ಮುರಿತೀನಿ ಎಂದು ಬರುವವರಿಗೂ ಇದನ್ನೇ ಹೇಳುತ್ತೇನೆ. ರಾತ್ರಿ ತೀರಾ ತಡೆಯಲಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ಯಾವ ಹೊತ್ತಿಗಾದರೂ ಸಿಗುತ್ತಾರೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಈಗ ಅವರು ನಿದ್ದೆ ಮಾಡುತ್ತಿದ್ದಾರೆ. ಟೂಲ್ ಯಾರಿಗೆ ಕೊಡಬೇಕು ಎಂಬುದು ಇನ್ನೂ ತೀರ್ಮಾನವಾಗಿಲ್ಲ. ವರ್ಷಗಳಿಂದ ಜೊತೆಗೆ ಕೋಡ್ ಬರೆದ ಇಬ್ಬರ ಹತ್ತಿರ ಮಾತಾಡುತ್ತಿದ್ದಾರೆ.