ಕೆಂಪಗೆ ಹೊಳೆಯುವ ನಕ್ಷತ್ರವೇ ಹೆಚ್ಚು ಬಿಸಿಯೇ?

ಪ್ರಶ್ನೆ: ನಮ್ಮದು ಬಳ್ಳಾರಿ ಜಿಲ್ಲೆಯ ಸಂಡೂರು. ಬೇಸಿಗೆಯಲ್ಲಿ ಮಾಳಿಗೆ ಮೇಲೆ ಮಲಗುತ್ತೇವೆ. ಮೇ ತಿಂಗಳ ರಾತ್ರಿ ನೆತ್ತಿಯ ಹತ್ತಿರ ಕೇಸರಿ ಬಣ್ಣದ ಒಂದು ನಕ್ಷತ್ರ, ಅದರ ದಕ್ಷಿಣಕ್ಕೆ ಬಿಳಿಯದೊಂದು ಕಾಣುತ್ತದೆ. ಕೇಸರಿಯದೇ ಜಾಸ್ತಿ ಹೊಳೆಯುತ್ತದೆ. ಹಾಗಾದರೆ ಅದೇ ಹೆಚ್ಚು ಬಿಸಿ ಅಲ್ವಾ?

ಉತ್ತರ: ಅಲ್ಲ, ಬಿಳಿಯದೇ ಬಿಸಿ. ಎರಡರ ಹೆಸರೂ ನಿಮಗೆ ಮಳೆ ಲೆಕ್ಕದಲ್ಲಿ ಗೊತ್ತಿರುತ್ತದೆ. ಕೇಸರಿಯದು ಸ್ವಾತಿ, ಬಿಳಿಯದು ಚಿತ್ತಾ.

ಕಮ್ಮಾರರ ಕುಲುಮೆ ನೋಡಿದ್ದೀರಲ್ಲ? ಕಬ್ಬಿಣ ಮೊದಲು ಕೆಂಪಾಗುತ್ತದೆ, ಇನ್ನೂ ಕಾದರೆ ಹಳದಿ, ಆಮೇಲೆ ಬೆಳ್ಳಗೆ. ನಕ್ಷತ್ರಕ್ಕೂ ಇದೇ ಲೆಕ್ಕ. ಸ್ವಾತಿಯ ಮೈ ಸುಮಾರು 4,000 ಡಿಗ್ರಿ ಸೆಲ್ಸಿಯಸ್, ನಮ್ಮ ಸೂರ್ಯನದು 5,500. ಚಿತ್ತಾ 20,000 ಡಿಗ್ರಿಗೂ ಜಾಸ್ತಿ. ಗಮನವಿಟ್ಟು ನೋಡಿ, ಅದರ ಬಿಳುಪಿನಲ್ಲಿ ಸ್ವಲ್ಪ ನೀಲಿ ಇದೆ.

ಬಿಸಿಯಿಂದ ತಣ್ಣಗಿನ ಕಡೆಗೆ ನಕ್ಷತ್ರಗಳ ಗುಂಪು ಹೀಗೆ: ಓ, ಬಿ, ಎ, ಎಫ್, ಜಿ, ಕೆ, ಎಂ. ಚಿತ್ತಾ ಬಿ, ಸೂರ್ಯ ಜಿ, ಸ್ವಾತಿ ಕೆ. ಅಕ್ಷರಗಳು ಹೀಗೆ ಏರುಪೇರಾಗಲು ಕಾರಣವಿದೆ. ನಕ್ಷತ್ರದ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿದರೆ ನಡುನಡುವೆ ಕಪ್ಪು ಗೆರೆ ಕಾಣುತ್ತವೆ, ಒಂದೊಂದು ಧಾತುವಿಗೂ ಅದರದೇ ಗೆರೆ. ಮೊದಲು ಆ ಬೆಳಕಿನಲ್ಲಿ ಹೈಡ್ರೋಜನ್‌ ಗೆರೆ ಎಷ್ಟು ದಟ್ಟ ಅಂತ ನೋಡಿ ಎ, ಬಿ, ಸಿ ಅಂತ ಹೆಸರಿಟ್ಟಿದ್ದರು. ಆಮೇಲೆ ಅಮೆರಿಕದ ಹಾರ್ವರ್ಡ್‌ನ ಖಗೋಳವಿಜ್ಞಾನಿ ಆನಿ ಜಂಪ್ ಕ್ಯಾನನ್ ಕೆಲವು ಅಕ್ಷರ ಬಿಟ್ಟು, ಉಳಿದವನ್ನು ಹೊಸದಾಗಿ ಜೋಡಿಸಿದರು. ಆ ಮಹಾತಾಯಿ ಫೋಟೋ ಪ್ಲೇಟ್ ನೋಡಿ ಲಕ್ಷಾಂತರ ನಕ್ಷತ್ರಗಳನ್ನು ವಿಂಗಡಿಸಿದರು! ಬಿಸಿ ಬದಲಾದರೆ ಗೆರೆ ಯಾಕೆ ಬದಲಾಗುತ್ತದೆ ಅಂತ 1920ರಲ್ಲಿ ಲೆಕ್ಕ ಹಾಕಿ ತೋರಿಸಿದವರು ನಮ್ಮ ದೇಶದ ವಿಜ್ಞಾನಿ ಮೇಘನಾದ ಸಹಾ. ನನಗೆ ಇದು ತುಂಬಾ ಹೆಮ್ಮೆಯ ವಿಷಯ.

ಇನ್ನು ಹೊಳಪು. ಸ್ವಾತಿಯ ಹೊಳಪಿನ ಅಂಕಿ ಹೆಚ್ಚುಕಡಿಮೆ 0, ಚಿತ್ತಾದ್ದು 1. ಇಲ್ಲಿ ಅಂಕಿ ಕಡಿಮೆಯಾದಷ್ಟೂ ಹೊಳಪು ಜಾಸ್ತಿ, ಒಂದು ಅಂಕಿಗೆ ಸುಮಾರು ಎರಡೂವರೆ ಪಟ್ಟು. ಆದರೆ ಇದು ನಮ್ಮ ಕಣ್ಣಿಗೆ ಕಂಡ ಹೊಳಪು ಅಷ್ಟೇ. ಸ್ವಾತಿ 37 ಜ್ಯೋತಿರ್ವರ್ಷ ದೂರದಲ್ಲಿದೆ, ಚಿತ್ತಾ ಸುಮಾರು 250. ಎರಡನ್ನೂ ಒಂದೇ ದೂರದಲ್ಲಿ ಇಟ್ಟರೆ ಚಿತ್ತಾ ಹದಿನೈದು ಪಟ್ಟಿಗಿಂತ ಜಾಸ್ತಿ ಹೊಳೆಯುತ್ತದೆ. ಸ್ವಾತಿಯೂ ಸಣ್ಣದಲ್ಲ, ಸೂರ್ಯನ ಸುಮಾರು 25 ಪಟ್ಟು ಅಗಲ ಊದಿಕೊಂಡಿದೆ. ಅದಕ್ಕೇ ಅಷ್ಟು ತಣ್ಣಗಿದ್ದರೂ ಸೂರ್ಯನಿಗಿಂತ ನೂರು ಪಟ್ಟಿಗೂ ಜಾಸ್ತಿ ಬೆಳಕು ಕೊಡುತ್ತದೆ.

ಒಂದು ಎಚ್ಚರ: ಅದಿರಿನ ಧೂಳು ಎದ್ದ ದಿನ ದಿಗಂತದ ಹತ್ತಿರದ ಯಾವ ನಕ್ಷತ್ರವೂ ಕೆಂಪಗೇ ಕಾಣುತ್ತದೆ. ಬಣ್ಣ ನೋಡುವುದಾದರೆ ಅದು ಮೇಲೇರುವ ತನಕ ಕಾಯಿರಿ. ಸಪ್ತರ್ಷಿ ಮಂಡಲದ ಬಾಲದ ಬಾಗನ್ನು ಹಾಗೇ ಮುಂದಕ್ಕೆ ಎಳೆದರೆ ಸ್ವಾತಿ, ಇನ್ನೂ ಎಳೆದರೆ ಚಿತ್ತಾ ಸಿಗುತ್ತದೆ.