ಹೆಸರು ಮಾವನದು, ಬೆನ್ನು ನಿನ್ನದು

ತಮ್ಮಾ,

ನಿನ್ನ ಕಾಗದ ಮೂರು ಸಲ ಓದಿದೆ. ಮೊದಲ ಸಲ ಇದು ಮದುವೆಯ ಗೋಳು ಅಂದುಕೊಂಡೆ. ಮೂರನೇ ಸಲ ಓದುವಾಗ ಸಿಟ್ಟು ಬಂತು, ಆದರೆ ನೀನು ದೂರುತ್ತಿರುವ ಹುಡುಗಿಯ ಮೇಲಲ್ಲ.

ಉಳಿದ ಓದುಗರಿಗೆ ವಿಷಯ ಹೇಳಿಬಿಡುತ್ತೇನೆ. ಇವನಿಗೆ 27 ವರ್ಷ, ಇಂಡಿ ತಾಲ್ಲೂಕಿನ ಕಡೆಯವನು. ಆರು ವರ್ಷದಿಂದ ನವಿ ಮುಂಬೈಯ ವಾಶಿಯ ದಾಣಾ ಮಾರ್ಕೆಟ್‌ನಲ್ಲಿ, ಅಂದರೆ ಕಾಳುಕಡಿಯ ಸಗಟು ಪೇಟೆಯಲ್ಲಿ, ಚೀಲ ಹೊರುತ್ತಾನೆ. ಪಕ್ಕದ ತುರ್ಭೆಯಲ್ಲಿ ನಾಲ್ಕು ಜನರಿಗೆ ಒಂದು ಖೋಲಿ. ಕರೆದುಕೊಂಡು ಬಂದವರು ಸೋದರಮಾವ. ಈಗ ಅವರ ಮಗಳನ್ನೇ ಇವನಿಗೆ ಕೊಡುವ ಮಾತು ನಡೆದಿದೆ, ಅವ್ವನಿಗೂ ಅದೇ ಆಸೆ. ವಿಜಯಪುರದಲ್ಲಿ ಬಿ.ಕಾಂ. ಓದುತ್ತಿರುವ ಹುಡುಗಿ ಒಲ್ಲೆ ಅಂದಿದ್ದಾಳೆ. ಹಮಾಲ ಅಂತ ನನ್ನನ್ನು ಕೀಳಾಗಿ ಕಂಡಳು, ಬೈಕಿನಲ್ಲಿ ಪಾರ್ಸೆಲ್ ಹಂಚುವ ಕೆಲಸಕ್ಕೆ ಸೇರಿದರೆ ಒಪ್ಪಬಹುದಾ ಅಂತ ಇವನು ಕೇಳುತ್ತಾನೆ.

ಅವಳ ಮಾತನ್ನು ನೀನೇ ಬರೆದಿದ್ದೀಯ: "ನಿನ್ನ ಹೆಸರಿಲೆ ಏನೈತಿ?" ಹೊಲ ಮನೆ ಇಲ್ಲ ಅಂತ ಹಂಗಿಸಿದಳು ಅಂದುಕೊಂಡೆ ನೀನು. ನನಗೆ ಹಾಗೆ ಕೇಳಿಸಲಿಲ್ಲ. ಯಾಕೆಂದರೆ ಎರಡನೇ ಪುಟದಲ್ಲಿ, ಅವ್ವನ ಮೊಣಕಾಲು ನೋವಿನ ಸುದ್ದಿಯ ನಡುವೆ, ಒಂದು ಸಾಲು ಸುಮ್ನೆ ಹೇಳಿ ಮುಂದೆ ಹೋಗಿದ್ದೀಯ. "ನಾನು ಮಾವನ ನಂಬರಿನ ಮ್ಯಾಲೆ ಬದಲಿ ಮಾಡತೀನಿ, ಪಗಾರ ಅವರ ಖಾತೆಗೆ 22 ಸಾವಿರ ಬರತೈತಿ, ನನಗ 13 ಕಳಸ್ತಾರ."

ಅಂದರೆ ನೋಂದಣಿ ನಂಬರು ಮಾವನದು, ಅವರ ಬದಲಿಗೆ ಚೀಲ ಹೊರುವವನು ನೀನು. ತಿಂಗಳಿಗೆ ಒಂಬತ್ತು ಸಾವಿರದ ಲೆಕ್ಕ ಹಿಡಿದರೆ ಆರು ವರ್ಷಕ್ಕೆ 6,48,000 ರೂಪಾಯಿ ಮಾವನ ಹತ್ತಿರ ಉಳಿದಿದೆ. ಬಿ.ಕಾಂ. ಓದುವ ಹುಡುಗಿಗೆ ಇಷ್ಟು ಲೆಕ್ಕ ಬರುವುದಿಲ್ಲವಾ? ಅವಳ ಫೀಸೂ ಅದರಲ್ಲೇ ಹೋಗಿರಬಹುದು, ಅದು ಅವಳ ತಪ್ಪಲ್ಲ. ಅವಳು ಕೇಳಿದ್ದು ನ್ಯಾಯವಾದ ಪ್ರಶ್ನೆ. ಮದುವೆಗೆ ಒಲ್ಲೆ ಅಂದಿದ್ದಾಳೆ, ಅದನ್ನೂ ಒಪ್ಪಿಕೊ.

ಪಗಾರ ಒಂದೇ ಅಲ್ಲ ತಮ್ಮಾ. ಅಣ್ಣಾಸಾಹೇಬ್ ಪಾಟೀಲರಂಥವರು ಹಮಾಲರನ್ನು ಒಟ್ಟುಗೂಡಿಸಿ ಹೋರಾಡಿದ ಮೇಲೆ, 1969ರಲ್ಲಿ ಮಹಾರಾಷ್ಟ್ರಕ್ಕೆ ಮಾಥಾಡಿ ಕಾನೂನು ಬಂತು. ಮಾಥಾಡಿ ಅಂದರೆ ನಿನ್ನಂತೆ ಹೊರೆ ಹೊರುವವರು. ವ್ಯಾಪಾರಿಯಾದವನು ಕೂಲಿಯಲ್ಲದೆ ಲೆವಿಯನ್ನೂ, ಅಂದರೆ ಕೂಲಿಯ ಮೇಲೆ ಇಷ್ಟು ಪಾಲು ಅಂತ ಹೆಚ್ಚಿನ ಹಣವನ್ನೂ, ಹಮಾಲರ ನೋಂದಣಿ ನೋಡಿಕೊಳ್ಳುವ ಮಾಥಾಡಿ ಮಂಡಳಿಗೆ ಕಟ್ಟಬೇಕು. ಪಿಎಫ್, ಗ್ರಾಚ್ಯುಟಿ, ಬೋನಸ್, ರಜೆಯ ಸಂಬಳ ಎಲ್ಲಾ ಅದರಿಂದ. ನೀನು ಬೆನ್ನ ಮೇಲೆ ಹೊತ್ತ ಐವತ್ತು ಕಿಲೋ ಚೀಲಗಳಿಗೆಲ್ಲ ಅದು ಜಮೆ ಆಗಿದೆ, ಮಾವನ ಹೆಸರಿಗೆ. ನಿನ್ನ ಹೆಸರಿಗೆ ಒಂದು ರೂಪಾಯಿ ಇಲ್ಲ. ನಾಳೆ ಗೋದಾಮಿನಲ್ಲಿ ಚೀಲದ ಅಟ್ಟಿ ಜರಿದು ನಿನ್ನ ಸೊಂಟ ಮುರಿದರೆ, ಕಾಗದದ ಪ್ರಕಾರ ಅಲ್ಲಿ ಕೆಲಸಕ್ಕಿದ್ದವರು ಮಾವ. ಅವರೋ ಊರಿನಲ್ಲಿ ಕಟ್ಟೆಯ ಮೇಲೆ ಕೂತಿದ್ದಾರೆ. ಆಸ್ಪತ್ರೆಯ ಬಿಲ್ಲು ಯಾರು ಕಟ್ಟುತ್ತಾರೆ?

ಮಾವನ ಬೆನ್ನು ಹೋದ ಮೇಲೆ ಹೀಗಾಯಿತು ಅಂತ ಬರೆದಿದ್ದೀಯ. ಪಾಪ ಅನ್ನಿಸುತ್ತದೆ, ಒಂದು ವರ್ಷದ ಮಟ್ಟಿಗೆ. ಆರು ವರ್ಷ ಅಂದರೆ ಉಂಡೂ ಹೋದ, ಕೊಂಡೂ ಹೋದ ಅಂತಾರಲ್ಲ, ಹಾಗೆ.

ನನಗೆ ಇನ್ನೂ ಜಾಸ್ತಿ ಸಿಟ್ಟು ನಿಮ್ಮ ಟೋಳಿಯ, ಅಂದರೆ ಹಮಾಲರ ಗುಂಪಿನ, ಮುಖ್ಯಸ್ಥ ಮುಕಾದಮನ ಮೇಲೆ. ದಿನಾ ಬೆಳಿಗ್ಗೆ ನಿನ್ನ ಮುಖ ನೋಡಿ ಇನ್ನೊಬ್ಬರ ಹಾಜರಿ ಹಾಕುತ್ತಾನೆ! ನಮ್ಮಪ್ಪ ಮುಂಬೈಯ ಮಸ್ಜಿದ್ ಬಂದರಿನ ಒಂದು ಮಸಾಲೆ ಅಂಗಡಿಯಲ್ಲಿ ಗುಮಾಸ್ತರಾಗಿದ್ದರು, ಮಾರ್ಕೆಟ್ ಇನ್ನೂ ವಾಶಿಗೆ ಬಂದಿರದ ಕಾಲ ಅದು. ಚೀಲ ಇಳಿಸಿದವನನ್ನು ಎದುರು ನಿಲ್ಲಿಸಿಕೊಂಡು, ಹೆಸರು ಅವನ ಬಾಯಿಂದಲೇ ಕೇಳಿ ಕೂಲಿ ಬರೆಯುತ್ತಿದ್ದರು. ಹೊತ್ತವನ ಹೆಸರೇ ಬರೀಬೇಕು ಅನ್ನುತ್ತಿದ್ದರು. ಈ ಅಂಕಣದಲ್ಲಿ ನಾನು ಇದನ್ನೇ ಮತ್ತೆ ಮತ್ತೆ ಬರೆಯುತ್ತೇನೆ, ಬೇಜಾರಾದರೂ ಸರಿ: ನೆಂಟಸ್ತನ ಬೇರೆ, ಲೆಕ್ಕ ಬೇರೆ. ಅನ್ನ ಹಾಕಿದ ಮಾವ ಅಂತ ಅವ್ವ ಅಂದರೆ, ಈಗ ಅನ್ನ ಯಾರು ಯಾರಿಗೆ ಹಾಕುತ್ತಿದ್ದಾರೆ ಅಂತ ಅವ್ವನನ್ನೇ ಕೇಳು.

ಬೈಕಿನ ಕೆಲಸದ ಮಾತು ಆಮೇಲೆ. ನಿನ್ನ ಕೆಲಸದಲ್ಲಿ ನಾಚುವಂಥದ್ದು ಏನೂ ಇಲ್ಲ, ಮುಂಬೈಯ ಅಕ್ಕಿ ಬೇಳೆ ನಿಮ್ಮಂಥವರ ಬೆನ್ನ ಮೇಲೆ ಬರುತ್ತದೆ.

ಸದ್ಯಕ್ಕೆ ಒಂದೇ ಕೆಲಸ ಹೇಳುತ್ತೇನೆ. ಬರುವ ತಿಂಗಳ ಒಂದನೇ ತಾರೀಖಿನಿಂದ ಮಾವನ ನಂಬರಿನ ಮೇಲೆ ಒಂದು ಚೀಲವನ್ನೂ ಎತ್ತಬೇಡ. ಇವತ್ತೇ ಮಾವನಿಗೆ ಫೋನ್ ಮಾಡಿ ಅದನ್ನು ಹೇಳು. ನಿನ್ನ ಆಧಾರ್ ಕಾರ್ಡ್ ತಗೊಂಡು ಯೂನಿಯನ್‌ನವರ ಹತ್ತಿರ ಹೋಗು, ನನ್ನ ಹೆಸರು ನೋಂದಾಯಿಸಲು ಏನು ಮಾಡಬೇಕು ಅಂತ ಕೇಳು. ಸುಲಭಕ್ಕೆ ಆಗುವುದಿಲ್ಲ, ಓಡಾಡಿಸುತ್ತಾರೆ. ಒಬ್ಬನೇ ಹೋಗಬೇಡ, ಖೋಲಿಯ ಒಬ್ಬರನ್ನು ಜೊತೆಗೆ ಕರಕೊ.

ಏನಂದರು ಅಂತ ನನಗೆ ಬರೆ.