ಸಮುದ್ರದಲ್ಲಿ ಕೊರೆದ ಬಾವಿಯಲ್ಲಿ ತೈಲ ಇದೆಯೋ ಇಲ್ಲವೋ ಅಂತ ಹೇಗೆ ಗೊತ್ತಾಗುತ್ತದೆ? ಬೋರ್‌ವೆಲ್ ಥರ ಚಿಮ್ಮುತ್ತದೆಯೇ?

ನೀವು ಕೇಳಿದ್ದು ಇಷ್ಟು: ಬೋರ್‌ವೆಲ್ ಕೊರೆಸುವಾಗ ಸೆಲೆ ತಾಗಿದರೆ ನೀರು ಮೇಲಕ್ಕೆ ಎರಚುತ್ತದೆ, ಎಷ್ಟು ಇಂಚು ನೀರು ಅಂತ ಅಲ್ಲೇ ಹೇಳಿಬಿಡುತ್ತಾರೆ. ಸಮುದ್ರದಲ್ಲಿ ತೈಲಕ್ಕೆ ಕೊರೆದಾಗಲೂ ಹಾಗೆಯೇ ಚಿಮ್ಮುತ್ತದೆಯೇ? ಇಲ್ಲದಿದ್ದರೆ 'ನಿಕ್ಷೇಪ ಪತ್ತೆ' ಅಂತ ಯಾವ ಆಧಾರದ ಮೇಲೆ ಹೇಳುತ್ತಾರೆ?

ಚಿಮ್ಮಬಾರದು. ಚಿಮ್ಮಿದರೆ ಅದು ಅಪಘಾತ.

ಬೋರ್‌ವೆಲ್ ಲಾರಿ ಕೊರೆಯುವುದು ಗಾಳಿಯ ಒತ್ತಡದಿಂದ. ರಂಧ್ರದಲ್ಲಿ ಗಾಳಿ ಬಿಟ್ಟರೆ ಬೇರೇನೂ ಇಲ್ಲದ ಕಾರಣ ನೀರು ಸಿಕ್ಕ ತಕ್ಷಣ ಹೊರಗೆ ಬರುತ್ತದೆ. ತೈಲಬಾವಿಯ ರಂಧ್ರದಲ್ಲಿ ಮೊದಲ ದಿನದಿಂದ ಕೊನೆಯ ದಿನದವರೆಗೂ ದ್ರವ ತುಂಬಿರುತ್ತದೆ. ಮೇಲಿನ ಒಂದೆರಡು ಹಂತಗಳಿಗೆ ಸಮುದ್ರದ ನೀರೇ ಸಾಕು, ಆಮೇಲೆ 'ಮಡ್' ಬೇಕು. ಹೆಸರು ಕೆಸರು ಅಂತಿದ್ದರೂ ಅದು ನೀರಿನಲ್ಲೋ ಸಿಂಥೆಟಿಕ್ ಎಣ್ಣೆಯಲ್ಲೋ ಬೆರೈಟ್ ಅನ್ನುವ ಭಾರದ ಖನಿಜದ ಪುಡಿ ಕಲಸಿ ಅಳೆದು ತೂಗಿ ಮಾಡಿದ ದ್ರವ. (ಬೆರೈಟಿನ ಬಹುದೊಡ್ಡ ಗಣಿ ನಮ್ಮ ಪಕ್ಕದಲ್ಲೇ, ಆಂಧ್ರದ ಮಂಗಂಪೇಟೆಯಲ್ಲಿದೆ.) ಘನ ಸೆಂಟಿಮೀಟರಿಗೆ 1.2 ಗ್ರಾಂ ತೂಗುವ ಮಡ್ 3,000 ಮೀಟರ್ ಆಳದ ಬಾವಿಯ ತಳವನ್ನು ಸುಮಾರು 353 ಬಾರ್ (ಒಂದು ಬಾರ್ ಅಂದರೆ ಹೆಚ್ಚುಕಡಿಮೆ ನಮ್ಮ ಸುತ್ತಲಿನ ಗಾಳಿಯ ಒತ್ತಡ) ಒತ್ತಡದಿಂದ ಒತ್ತಿ ಹಿಡಿದಿರುತ್ತದೆ. ಕಲ್ಲಿನ ರಂಧ್ರಗಳಲ್ಲಿರುವ ತೈಲವೋ ಅನಿಲವೋ ಅದಕ್ಕಿಂತ ಕಡಿಮೆ ಒತ್ತಡದಲ್ಲಿದ್ದರೆ ಒಳಗೆ ಬರಲಾರದು. ಅಂದರೆ ನಾವು ಹುಡುಕುತ್ತಿರುವ ವಸ್ತು ಹೊರಗೆ ಬರದಂತೆ ತಡೆಯುತ್ತಲೇ ಅದು ಇದೆಯೋ ಇಲ್ಲವೋ ಅಂತ ಪತ್ತೆ ಮಾಡಬೇಕು. ಈ ಕೆಲಸದ ಕಷ್ಟವೆಲ್ಲ ಇಲ್ಲಿಂದಲೇ ಶುರು.

ಮೊದಲು ಬಾವಿಯ ರಚನೆ ಚುಟುಕಾಗಿ. ಮುಂಬೈ ಹೈ ತೈಲಕ್ಷೇತ್ರವನ್ನು 1974ರ ಫೆಬ್ರವರಿಯಲ್ಲಿ ಪತ್ತೆ ಮಾಡಿದ 'ಸಾಗರ ಸಮ್ರಾಟ್' ತಳಕ್ಕೆ ಕಾಲೂರಿ ನಿಲ್ಲುವ ಜ್ಯಾಕ್‌ಅಪ್ ರಿಗ್. ಅಂಥವು ಸುಮಾರು 120 ಮೀಟರ್ ನೀರಿನವರೆಗೆ ಸರಿ. ಕೃಷ್ಣಾ-ಗೋದಾವರಿ ಬೇಸಿನ್ನಿನ ಆಳ ನೀರಿಗೆ ತೇಲುವ ರಿಗ್ ಅಥವಾ ಡ್ರಿಲ್‌ಶಿಪ್ ಬೇಕು. ಉಪಗ್ರಹದ ಸಂಕೇತ ಹಿಡಿದು ತನ್ನ ಪ್ರೊಪೆಲ್ಲರ್‌ಗಳಿಂದಲೇ ಒಂದೇ ಜಾಗದಲ್ಲಿ ನಿಲ್ಲುವ ಹಡಗು ಅದು.

ಬೋರ್‌ವೆಲ್‌ಗೆ ಗಟ್ಟಿ ಕಲ್ಲು ಸಿಗುವವರೆಗೆ ಮಾತ್ರ ಕೇಸಿಂಗ್ ಇಳಿಸುತ್ತೇವೆ. ಸಮುದ್ರತಳದ ಕೆಳಗಿರುವುದು ಸಡಿಲ ಮರಳು, ಜೇಡಿ. ಹಾಗಾಗಿ ಒಂದರೊಳಗೊಂದು ಸಣ್ಣದಾಗುತ್ತ ಹೋಗುವ ಪೈಪುಗಳ ಸಾಲೇ ಬೇಕು. ಮೊದಲು 36 ಇಂಚಿನ ಕಂಡಕ್ಟರ್ ಪೈಪನ್ನು ಕೆಲವು ಹತ್ತು ಮೀಟರ್ ತಳದೊಳಕ್ಕೆ ಇಳಿಸುತ್ತಾರೆ. ಆಮೇಲೆ 26 ಇಂಚಿನ ರಂಧ್ರ ಕೊರೆದು 20 ಇಂಚಿನ ಕೇಸಿಂಗ್ ಇಟ್ಟು ಸಿಮೆಂಟ್ ಮಾಡುತ್ತಾರೆ. ಇಲ್ಲಿಯವರೆಗೆ ಕೊರೆದ ಪುಡಿಯೆಲ್ಲ ಸಮುದ್ರತಳದಲ್ಲೇ ಬೀಳುತ್ತದೆ. ಈ ಕೇಸಿಂಗಿನ ತಲೆಯ ಮೇಲೆ ಬಿಒಪಿ, ಅಂದರೆ ಬಾವಿಯ ಬಾಯಿ ಮುಚ್ಚುವ ಕವಾಟಗಳ ಗೋಪುರ ಕೂರುತ್ತದೆ. ಅಲ್ಲಿಂದ ಹಡಗಿನವರೆಗೆ 21 ಇಂಚಿನ ರೈಸರ್ ಪೈಪ್. ಇನ್ನು ಮೇಲೆ ಮಡ್ ಹಡಗಿಗೆ ವಾಪಸ್ ಬರುತ್ತದೆ. ಮುಂದೆ 17½ ಇಂಚಿನ ರಂಧ್ರಕ್ಕೆ 13⅜ ಕೇಸಿಂಗ್, 12¼ಕ್ಕೆ 9⅝, ಕೊನೆಗೆ 8½ ಇಂಚಿನ ರಂಧ್ರ. ಇದು ಮಾಮೂಲಿ ಕ್ರಮ, ಬಾವಿಯಿಂದ ಬಾವಿಗೆ ಬದಲಾಗುತ್ತದೆ.

ಇಷ್ಟೊಂದು ಕೇಸಿಂಗ್ ಯಾಕೆ? ಮಡ್ ಹಗುರಾದರೆ ಕಲ್ಲಿನೊಳಗಿನದು ಬಾವಿಗೆ ನುಗ್ಗುತ್ತದೆ, ಭಾರವಾದರೆ ಕಲ್ಲು ಸೀಳಿ ಮಡ್ಡೇ ಒಳಗೆ ಹೋಗಿಬಿಡುತ್ತದೆ. ಎರಡರ ನಡುವೆ ಇರುವುದು ಒಂದು ಕಿಂಡಿ ಅಷ್ಟೇ. ಆಳ ನೀರಿನಲ್ಲಿ ಅದು ಇನ್ನೂ ಕಿರಿದು: ಮೇಲಿನ ಒಂದೆರಡು ಕಿಲೋಮೀಟರ್ ಕಲ್ಲಿನ ಬದಲು ನೀರಿರುವುದರಿಂದ ಪದರಗಳ ಮೇಲೆ ಹೊರೆ ಕಡಿಮೆ, ಬೇಗ ಸೀಳುತ್ತವೆ. ಪ್ರತಿ ಕೇಸಿಂಗಿನ ಕೆಳಗೆ ಮೂರ್ನಾಲ್ಕು ಮೀಟರ್ ಹೊಸ ಕಲ್ಲು ಕೊರೆದು, ಬಿಒಪಿ ಮುಚ್ಚಿ, ಸ್ವಲ್ಪ ಸ್ವಲ್ಪವೇ ಮಡ್ ಪಂಪ್ ಮಾಡಿ ಒತ್ತಡದ ಗೆರೆ ನೇರ ದಾರಿ ಬಿಟ್ಟು ಬಾಗುವ ಬಿಂದು ನೋಡುತ್ತಾರೆ. ಮುಂದಿನ ಹಂತದಲ್ಲಿ ಮಡ್ ಎಷ್ಟು ಭಾರ ಇರಬಹುದು ಅನ್ನುವ ಮಿತಿ ಆ ಬಿಂದುವಿನಿಂದ ಸಿಗುತ್ತದೆ. ಕಿಂಡಿ ಮುಗಿದ ಕಡೆ ಇನ್ನೊಂದು ಕೇಸಿಂಗ್ ಇಳಿಸಬೇಕು, ಬೇರೆ ದಾರಿಯಿಲ್ಲ.

ಒತ್ತಡದ ಅಂದಾಜು ತಪ್ಪಿ ಒಳಗಿನದು ನುಗ್ಗುವುದಕ್ಕೆ 'ಕಿಕ್' ಅನ್ನುತ್ತಾರೆ. ಸೂಚನೆಗಳು: ಕಲ್ಲು ಕೊರೆಯುವ ತುದಿ, ಅಂದರೆ ಬಿಟ್, ಇದ್ದಕ್ಕಿದ್ದಂತೆ ಬೇಗ ಬೇಗ ಇಳಿಯುತ್ತದೆ, ವಾಪಸ್ ಬರುವ ಮಡ್ ಹೆಚ್ಚುತ್ತದೆ, ತೊಟ್ಟಿಯಲ್ಲಿ ಮಟ್ಟ ಏರುತ್ತದೆ. ಪಂಪ್ ನಿಲ್ಲಿಸಿ ನೋಡಬೇಕು. ಆಗಲೂ ಹರಿಯುತ್ತಿದ್ದರೆ ಬಿಒಪಿ ಮುಚ್ಚಿ, ಡ್ರಿಲ್ ಪೈಪಿನ ಒತ್ತಡ ಓದಿ, ಅದಕ್ಕೆ ತಕ್ಕ ಭಾರದ ಮಡ್ ತುಂಬಬೇಕು. ಎಣ್ಣೆ ಆಧಾರಿತ ಮಡ್‌ನಲ್ಲಿ ಒಂದು ಮೋಸವಿದೆ. ಅನಿಲ ಆಳದಲ್ಲಿ ಅದರೊಳಗೆ ಕರಗಿ ಕೂರುತ್ತದೆ, ತೊಟ್ಟಿಯ ಮಟ್ಟ ಅಷ್ಟಾಗಿ ಏರುವುದಿಲ್ಲ. ಮೇಲೆ ಬರುತ್ತ ಒತ್ತಡ ಇಳಿದಾಗ ಸೋಡಾ ಬಾಟಲಿಯ ಹಾಗೆ ಒಮ್ಮೆಲೇ ಉಕ್ಕುತ್ತದೆ. ಅಷ್ಟರಲ್ಲಿ ಅದು ಬಿಒಪಿ ದಾಟಿ ರೈಸರ್‌ನೊಳಗೆ ಬಂದಿದ್ದರೆ ಕೆಳಗೆ ಮುಚ್ಚಿ ಪ್ರಯೋಜನವಿಲ್ಲ.

ಈಗ ನಿಮ್ಮ ಪ್ರಶ್ನೆಯ ತಿರುಳಿಗೆ ಬರೋಣ. ತೈಲ ಇದೆ ಅಂತ ಹೇಳಲು ಒಂದೇ ಸಾಕ್ಷಿ ಸಾಲದು. ಒಬ್ಬರಿಗೊಬ್ಬರು ಪರಿಚಯವಿಲ್ಲದ ನಾಲ್ಕೈದು ಸಾಕ್ಷಿಗಳು ಒಂದೇ ಮಾತು ಹೇಳಬೇಕು.

ಮೊದಲನೆಯದು ಕಲ್ಲಿನ ಪುಡಿ. ಮಡ್ ಹೊತ್ತು ತಂದ ಚೂರುಗಳನ್ನು ಮಡ್ ಲಾಗರ್‌ಗಳು ಜರಡಿಯಿಂದ ಎತ್ತಿ ತೊಳೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಅವು ಈಗ ಕೊರೆಯುತ್ತಿರುವ ಆಳದವಲ್ಲ ಅನ್ನುವುದು ನೆನಪಿರಬೇಕು. 12¼ ಇಂಚಿನ ರಂಧ್ರ, ಒಳಗೆ 5 ಇಂಚಿನ ಪೈಪ್ ಅಂದರೆ ಸುತ್ತಲಿನ ಸಂದಿನಲ್ಲಿ ಮೀಟರಿಗೆ ಸುಮಾರು 63 ಲೀಟರ್ ಜಾಗ. 3,000 ಮೀಟರಿಗೆ 190 ಘನ ಮೀಟರ್. ನಿಮಿಷಕ್ಕೆ 3.4 ಘನ ಮೀಟರ್ ಪಂಪ್ ಮಾಡಿದರೆ ತಳದ ಚೂರು ಮೇಲೆ ಬರಲು 56 ನಿಮಿಷ. ರೈಸರ್ ಇನ್ನೂ ಅಗಲ, ಅದರ ಸಮಯ ಬೇರೆ ಸೇರಿಸಬೇಕು. ಈ ಲೆಕ್ಕ ತಪ್ಪಿದರೆ ತೈಲ ಕಂಡದ್ದು ಯಾವ ಪದರದಲ್ಲಿ ಅನ್ನುವುದೇ ತಪ್ಪುತ್ತದೆ. ಅದಕ್ಕೇ ಆಗಾಗ ಪೈಪಿನೊಳಗೆ ಒಂದು ಪೊಟ್ಟಣ ಕ್ಯಾಲ್ಸಿಯಂ ಕಾರ್ಬೈಡ್ ಹಾಕಿ, ಹುಟ್ಟಿದ ಅಸಿಟಿಲಿನ್ ಎಷ್ಟು ಹೊತ್ತಿಗೆ ಮೇಲೆ ಬಂತು ಅಂತ ನೋಡಿ ಸರಿಪಡಿಸುವುದುಂಟು. ಮಾವು ಹಣ್ಣು ಮಾಡಲು ಕದ್ದುಮುಚ್ಚಿ ಬಳಸುವ ಅದೇ ಕಾರ್ಬೈಡ್.

ಚೂರುಗಳನ್ನು ಅತಿನೇರಳೆ ಬೆಳಕಿನಲ್ಲಿ ಹಿಡಿದರೆ ತೈಲವಿದ್ದ ಕಡೆ ಹೊಳೆಯುತ್ತದೆ. ಹಗುರ ತೈಲ ನೀಲಿ-ಬಿಳಿ, ಭಾರದ್ದು ಹಳದಿ, ಕಂದು. ಆದರೆ ಕೆಲವು ಖನಿಜಗಳೂ ಹೊಳೆಯುತ್ತವೆ, ಪೈಪಿನ ಗ್ರೀಸೂ ಹೊಳೆಯುತ್ತದೆ. ಹೊಳೆದ ಚೂರಿನ ಮೇಲೆ ಒಂದು ಹನಿ ದ್ರಾವಕ ಬಿಟ್ಟು, ಬಣ್ಣ ಎಳೆಎಳೆಯಾಗಿ ಹರಡುತ್ತದೆಯೇ ನೋಡುವುದು ಮುಂದಿನ ಹೆಜ್ಜೆ. ಜತೆಗೆ ಮಡ್‌ನಿಂದ ಬಿಡುಗಡೆಯಾಗುವ ಅನಿಲವನ್ನು ಕ್ರೊಮ್ಯಾಟೊಗ್ರಾಫ್ ಮೀಥೇನ್‌ನಿಂದ ಪೆಂಟೇನ್‌ವರೆಗೆ ಬೇರ್ಪಡಿಸಿ ಅಳೆಯುತ್ತದೆ. ಬರೀ ಮೀಥೇನ್ ಇದ್ದರೆ ಒಣ ಅನಿಲ, ಭಾರದ ಅನಿಲಗಳ ಪಾಲು ಹೆಚ್ಚಿದ್ದರೆ ತೈಲದ ಸಾಧ್ಯತೆ. ಸಾಧ್ಯತೆ ಮಾತ್ರ.

ಎರಡನೆಯದು ಲಾಗ್, ಅಂದರೆ ಬಾವಿಯ ಉದ್ದಕ್ಕೂ ಕಲ್ಲಿನ ಗುಣ ಅಳೆದ ದಾಖಲೆ. ಬಿಟ್ ಹಿಂದೆಯೇ ಕಟ್ಟಿದ ಅಥವಾ ಕೊರೆದ ಮೇಲೆ ಕೇಬಲ್‌ನಲ್ಲಿ ಇಳಿಸುವ ಉಪಕರಣಗಳು ಕಲ್ಲಿನ ವಿಕಿರಣ, ವಿದ್ಯುತ್ ನಿರೋಧ, ಸಾಂದ್ರತೆ, ಹೈಡ್ರೋಜನ್ ಪ್ರಮಾಣ ಎಲ್ಲ ಅಳೆಯುತ್ತವೆ. ಉಪ್ಪುನೀರು ವಿದ್ಯುತ್ ಹರಿಸುತ್ತದೆ, ತೈಲ-ಅನಿಲ ಹರಿಸುವುದಿಲ್ಲ. 1942ರಲ್ಲಿ ಆರ್ಚಿ ಅನ್ನುವ ತೈಲ ಎಂಜಿನಿಯರ್ ಕೊಟ್ಟ ಸೂತ್ರ ನಿಂತಿರುವುದು ಇದರ ಮೇಲೆಯೇ. ಮರಳುಗಲ್ಲಿನಲ್ಲಿ 25% ರಂಧ್ರ, ಅದರ ನೀರಿನ ನಿರೋಧ 0.05 ಓಮ್-ಮೀಟರ್ ಅಂತಿಟ್ಟುಕೊಳ್ಳಿ. ಪೂರ್ತಿ ನೀರಿದ್ದರೆ ಕಲ್ಲು 0.8 ತೋರಿಸಬೇಕು. ಲಾಗ್ 20 ತೋರಿಸಿದರೆ ನೀರು ರಂಧ್ರದ 20% ಮಾತ್ರ, ಉಳಿದ 80% ತೈಲವೋ ಅನಿಲವೋ. ಯಾವುದು ಅಂತ ತಿಳಿಯಲು ಸಾಂದ್ರತೆಯ ಗೆರೆ ಮತ್ತು ಹೈಡ್ರೋಜನ್ ಅಳೆಯುವ ನ್ಯೂಟ್ರಾನ್ ಗೆರೆಗಳನ್ನು ನೋಡಬೇಕು. ಶುದ್ಧ ಮರಳಿನಲ್ಲಿ ಅನಿಲವಿದ್ದರೆ ಎರಡೂ ಅಡ್ಡ ದಾಟಿ ದೂರ ಸರಿಯುತ್ತವೆ.

ಎಡವುವುದು ತೆಳು ಪದರಗಳಲ್ಲಿ. ಆಳ ಸಮುದ್ರದ ನಿಕ್ಷೇಪಗಳಲ್ಲಿ ಮರಳು-ಜೇಡಿ ಬೆರಳು ದಪ್ಪದ ಪದರಗಳಾಗಿ ಒಂದರ ಮೇಲೊಂದು ಕೂತಿರುವುದುಂಟು. ಜೇಡಿ ವಿದ್ಯುತ್ ಹರಿಸಿಬಿಡುತ್ತದೆ, ಅನಿಲ ತುಂಬಿದ ಪದರವೂ 'ನೀರು' ಅಂತ ಕಾಣುತ್ತದೆ.

ಮೂರನೆಯದು ಒತ್ತಡ. ನನ್ನ ಮಟ್ಟಿಗೆ ಇದಕ್ಕಿಂತ ನಂಬಿಕಸ್ಥ ಸಾಕ್ಷಿ ಇಲ್ಲ. ಕೇಬಲ್‌ನಲ್ಲಿ ಇಳಿಸಿದ ಉಪಕರಣ ತನ್ನ ರಬ್ಬರ್ ಪ್ಯಾಡನ್ನು ಬಾವಿಯ ಗೋಡೆಗೆ ಒತ್ತಿ, ನಡುವಿನ ಕೊಳವೆಯಿಂದ ಕೆಲವೇ ಘನ ಸೆಂಟಿಮೀಟರ್ ದ್ರವ ಎಳೆದು, ಒತ್ತಡ ಸ್ಥಿರವಾಗುವವರೆಗೆ ಕಾಯುತ್ತದೆ. ಹೀಗೆ ಬೇರೆ ಬೇರೆ ಆಳದಲ್ಲಿ. ಉದಾಹರಣೆಗೆ 2,810 ಮೀಟರ್‌ನಲ್ಲಿ 301.0 ಬಾರ್, 2,830ರಲ್ಲಿ 301.4 ಬಂತು ಅನ್ನಿ. ಮೀಟರಿಗೆ 0.02 ಬಾರ್ ಏರಿಕೆ, ಇಷ್ಟು ಹಗುರವಾದದ್ದು ಅನಿಲ ಮಾತ್ರ. 2,880ರಲ್ಲಿ 304.0, 2,900ರಲ್ಲಿ 306.0: ಮೀಟರಿಗೆ 0.1, ಅದು ನೀರು. ತೈಲವಾಗಿದ್ದರೆ 0.07-0.08ರ ಆಸುಪಾಸು ಇರುತ್ತಿತ್ತು. ಎರಡು ಗೆರೆ ಎಳೆದರೆ 2,860 ಮೀಟರಿಗೆ ಸೇರುತ್ತವೆ. ಎರಡೂ ಕಡೆಯ ಮರಳು ಒಳಗೊಳಗೇ ಕೂಡಿಕೊಂಡಿದ್ದರೆ ಅನಿಲ ಮುಗಿದು ನೀರು ಶುರುವಾಗುವ ಮಟ್ಟ ಅದು. ಬಾವಿ ಆ ಮಟ್ಟದಲ್ಲಿ ಮರಳನ್ನೇ ಹಾಯದಿದ್ದರೂ ಮಟ್ಟ ಎಲ್ಲಿರಬಹುದು ಅಂತ ಅಂದಾಜು ಸಿಕ್ಕಿತು! ಬಿಗಿಯಾದ ಕಲ್ಲಿನಲ್ಲಿ ಮಾತ್ರ ಈ ಅಂಕಿಯನ್ನು ನಂಬಬಾರದು, ಮಡ್‌ನ ಒತ್ತಡವೇ ಒಳಗೆ ಸಿಕ್ಕಿಕೊಂಡು ಹೆಚ್ಚು ತೋರಿಸುತ್ತದೆ. ಅದೇ ಉಪಕರಣದಿಂದ ದ್ರವದ ಮಾದರಿಯನ್ನೂ ತರಬಹುದು. ಮೊದಲು ಬರುವುದು ಕಲ್ಲಿಗೆ ಇಳಿದಿದ್ದ ಮಡ್. ಗಂಟೆಗಟ್ಟಲೆ ಪಂಪ್ ಮಾಡಿ ಅದು ತಿಳಿಯಾದ ಮೇಲೆ ಮಾದರಿ ಹಿಡಿಯಬೇಕು. ಅವಸರಪಟ್ಟರೆ ಪ್ರಯೋಗಾಲಯಕ್ಕೆ ಹೋಗುವುದು ನಮ್ಮದೇ ಮಡ್.

ಇಷ್ಟಾದರೂ 'ಎಷ್ಟು ಇಂಚು' ಅನ್ನುವ ನಿಮ್ಮ ಪ್ರಶ್ನೆಗೆ ಉತ್ತರ ಸಿಕ್ಕಿಲ್ಲ. ಅದಕ್ಕೆ ಹರಿಸಿಯೇ ನೋಡಬೇಕು. ಕೇಸಿಂಗಿಗೆ ಗನ್‌ನಿಂದ ತೂತು ಹೊಡೆದು, ಮೇಲೆ ಸುತ್ತಲಿನ ಸಂದು ಮುಚ್ಚುವ ಪ್ಯಾಕರ್ ಕೂರಿಸಿ, ಒಳಗಿನ ಪೈಪಿನ ಮೂಲಕ ನಿಯಂತ್ರಿತವಾಗಿ ಮೇಲಕ್ಕೆ ಬಿಡುತ್ತಾರೆ. ಸೆಪರೇಟರ್‌ನಲ್ಲಿ ತೈಲ, ಅನಿಲ, ನೀರು ಬೇರೆ ಮಾಡಿ ಅಳೆದು, ಹಡಗಿನ ಬದಿಗೆ ಚಾಚಿದ ಬರ್ನರ್‌ನಲ್ಲಿ ಸುಡುತ್ತಾರೆ. ಫೋಟೋಗಳಲ್ಲಿ ಕಾಣುವ ಬೆಂಕಿ ಇದೇ. ಹರಿವಿಗಿಂತ ಬೆಲೆಬಾಳುವುದು ಆಮೇಲಿನ ಮೌನ: ಕೆಳಗಿನ ಕವಾಟ ಮುಚ್ಚಿ ಒತ್ತಡ ಮತ್ತೆ ಏರುವ ಬಗೆಯನ್ನು ಗೇಜ್‌ನಲ್ಲಿ ದಾಖಲಿಸಿದರೆ ಕಲ್ಲು ಎಷ್ಟು ಸರಾಗ, ಬಾವಿಯ ಸುತ್ತ ಮಡ್ ಎಷ್ಟು ಹಾಳು ಮಾಡಿದೆ, ಹತ್ತಿರದಲ್ಲಿ ತಡೆಗೋಡೆ ಇದೆಯೇ ಎಲ್ಲ ತಿಳಿಯುತ್ತದೆ. ಆಳ ನೀರಿನಲ್ಲಿ ಸಮುದ್ರತಳದ ತಾಪಮಾನ 4 ಡಿಗ್ರಿ ಆಸುಪಾಸು. ಅನಿಲ ಮತ್ತು ನೀರು ಸೇರಿ ಹೈಡ್ರೇಟ್ ಅನ್ನುವ ಮಂಜಿನಂಥ ಗಡ್ಡೆ ಕಟ್ಟಿ ಪೈಪು ಮುಚ್ಚೀತು, ಅದಕ್ಕೆ ಗ್ಲೈಕಾಲ್ ಅಥವಾ ಮೆಥನಾಲ್ ಸೇರಿಸುತ್ತಲೇ ಇರಬೇಕು. ದಿನಕ್ಕೆ ಕೋಟಿಗಟ್ಟಲೆ ಖರ್ಚಿನ ಹಡಗಾದ್ದರಿಂದ ಎಷ್ಟೋ ಬಾವಿಗಳಲ್ಲಿ ಈ ಪರೀಕ್ಷೆ ಬಿಟ್ಟು ಲಾಗ್ ಮತ್ತು ಮಾದರಿಗಳಲ್ಲೇ ಮುಗಿಸುತ್ತಾರೆ.

ಹಾಗಾಗಿ ಪತ್ರಿಕೆಯಲ್ಲಿ 'ಭಾರಿ ನಿಕ್ಷೇಪ' ಅಂತ ಓದಿದಾಗ ಹರಿಸಿ ನೋಡಿದ್ದಾರೆಯೇ, ಯಾವ ಅಳತೆಯ ಚೋಕ್‌ನಲ್ಲಿ (ಹರಿವು ಹಿಡಿದಿಡುವ ಕಿರಿದಾದ ಕಿಂಡಿ), ಎಷ್ಟು ಬಾವಿ ಕೊರೆದ ಮೇಲೆ ಅಂತ ಹುಡುಕಿ. ಕೃಷ್ಣಾ-ಗೋದಾವರಿ ಬೇಸಿನ್ನಿನ ದೀನ್ ದಯಾಳ್ ಕ್ಷೇತ್ರಕ್ಕೆ 2005ರಲ್ಲಿ 20 ಟ್ರಿಲಿಯನ್ ಘನ ಅಡಿ ಅನಿಲ ಅಂತ ಘೋಷಣೆಯಾಗಿತ್ತು. ಮುಂದೆ ಅದರ ಪಶ್ಚಿಮ ಭಾಗಕ್ಕೆ ಒಪ್ಪಿಗೆ ಪಡೆದ ಅಭಿವೃದ್ಧಿ ಯೋಜನೆಯಲ್ಲಿದ್ದದ್ದು ಸುಮಾರು 2. ಕಲ್ಲು ಬಿಗಿ, ತಾಪ-ಒತ್ತಡ ಎರಡೂ ವಿಪರೀತ.

ಕೊನೆಗೆ, ಸಿಕ್ಕಿದರೂ ಸಿಗದಿದ್ದರೂ ಅನ್ವೇಷಣಾ ಬಾವಿಯನ್ನು ಬಹುಮಟ್ಟಿಗೆ ಸಿಮೆಂಟ್ ಹಾಕಿ ಮುಚ್ಚಿಬಿಡುತ್ತಾರೆ. ಉತ್ಪಾದನೆಗೆ ಬೇರೆ ಬಾವಿ ಕೊರೆಯುತ್ತಾರೆ. ಈ ಮುಚ್ಚುವ ಹಂತವೇ ಮೆಕ್ಸಿಕೋ ಕೊಲ್ಲಿಯ ಮಕಾಂಡೋ ಬಾವಿಯಲ್ಲಿ 2010ರ ಏಪ್ರಿಲ್ 20ರಂದು 11 ಜನರ ಜೀವ ತೆಗೆದದ್ದು. ಸಿಮೆಂಟ್ ಹಿಡಿದಿದೆಯೇ ಅಂತ ಮಡ್‌ನ ಭಾರ ತಗ್ಗಿಸಿ ಪರೀಕ್ಷಿಸಿದಾಗ ಡ್ರಿಲ್ ಪೈಪಿನಲ್ಲಿ 1,400 ಪಿಎಸ್‌ಐ (ಸುಮಾರು 97 ಬಾರ್) ಒತ್ತಡ ಕಂಡಿತ್ತು, ಬಿಒಪಿಯಿಂದ ಮೇಲೆ ಬರುವ ಪಕ್ಕದ ಸಣ್ಣ ಪೈಪಿನಲ್ಲಿ ಹರಿವು ಇರಲಿಲ್ಲ. ಎರಡು ಸಾಕ್ಷಿ ಎರಡು ಮಾತು ಹೇಳಿದವು. ಹರಿವಿಲ್ಲ ಅಂದದ್ದನ್ನು ನಂಬಿ, ಒತ್ತಡಕ್ಕೆ ಏನೋ ಒಂದು ವಿವರಣೆ ಕೊಟ್ಟುಕೊಂಡು ಪರೀಕ್ಷೆ ಪಾಸು ಅಂತ ಬರೆದರು. ರೈಸರ್‌ನಲ್ಲಿದ್ದ ಭಾರದ ಮಡ್ ತೆಗೆದು ಸಮುದ್ರದ ನೀರು ತುಂಬಿಸುತ್ತಿದ್ದಾಗ, ಅದೇ ರಾತ್ರಿ, ಬಾವಿ ಚಿಮ್ಮಿತು.